ಕಷ್ಟ ನಂಬಿಕೆಯನ್ನು ಗಟ್ಟಿ ಮಾಡುತ್ತದಾ, ಇಲ್ಲ ನಾವೇ ಕಷ್ಟಕ್ಕೆ ಒಗ್ಗಿಬಿಡುತ್ತೇವಾ?

ರೊಟ್ಟಿ ಮನೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಇಲ್ಲಿ ನಿಮ್ಮ ಮಾತುಗಳನ್ನು ಓದುತ್ತಾ ವರ್ಷವಾಯಿತು. ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಊರು ಚಳ್ಳಕೆರೆ ತಾಲ್ಲೂಕಿನಲ್ಲಿದೆ. ರಾಜ್ಯದಲ್ಲೇ ಮಳೆ ತುಂಬಾ ಕಡಿಮೆ ಬೀಳುವ ಸೀಮೆ ಅದು. ನಾಲ್ಕು ಎಕರೆ ಹೊಲ, ಶೇಂಗಾ ಬಿತ್ತನೆ. ಮೂರು ಬೋರ್ ಹಾಕಿಸಿದೆವು. ಎರಡರಲ್ಲಿ ಬರೀ ದೂಳು ಬಂತು. ಮೂರನೆಯದರಲ್ಲಿ ನೀರು ಬಂದಾಗ ಪೂಜೆ ಮಾಡಿ ಓಣಿಗೆಲ್ಲ ಸಿಹಿ ಹಂಚಿದೆವು. ಅದು ಎರಡು ಬೇಸಿಗೆ ಕಂಡು ನಿಂತುಹೋಯಿತು. ಸಾಲದ ಬಡ್ಡಿ ಮಾತ್ರ ನಿಲ್ಲಲಿಲ್ಲ.

ಅದರ ಬೆನ್ನಿಗೇ ನಮ್ಮ ಯಜಮಾನರ ಎರಡೂ ಕಿಡ್ನಿ ಕೈಕೊಟ್ಟವು. ಅವರಿಗೆ ಬಿಪಿ ಇತ್ತು ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಸೊಂಟ ನೋವು ಅಂತ ಅಂಗಡಿಯಿಂದ ಮಾತ್ರೆ ತಂದು ವರ್ಷಗಟ್ಟಲೆ ನುಂಗಿದ್ದರು. ಈಗ ನಾಲ್ಕು ವರ್ಷದಿಂದ ಡಯಾಲಿಸಿಸ್. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ಹೊಲವನ್ನು ಕೋರಿಗೆ ಕೊಟ್ಟು ದಾವಣಗೆರೆಗೆ ಬಂದೆವು. ನಾನು ಖಾನಾವಳಿಗಳಿಗೆ ಜೋಳದ ರೊಟ್ಟಿ ತಟ್ಟಿ ಕೊಡುತ್ತೇನೆ.

ನಮ್ಮ ಮನೆದೇವರು ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ. ಮೊದಲ ವರ್ಷ ನಾನು ಹೊತ್ತ ಹರಕೆಗೆ ಲೆಕ್ಕವಿಲ್ಲ. ಹಟ್ಟಿ ಜಾತ್ರೆಯಲ್ಲಿ ಕೊಬ್ಬರಿ ಸುಟ್ಟೆ. ಒಳಮಠ, ಹೊರಮಠ ಎರಡೂ ಕಡೆ ಹಣೆ ಹಚ್ಚಿ ಬೇಡಿಕೊಂಡೆ. ಇವರನ್ನು ಮೊದಲಿನ ಹಾಗೆ ಮಾಡಪ್ಪ, ಇನ್ನೇನೂ ಕೇಳಲ್ಲ ಅಂದೆ. ಏನೂ ಆಗಲಿಲ್ಲ. ಒಂದು ದಿನ ಸಿಟ್ಟು ಬಂದು ಜಗಲಿ ಮೇಲಿದ್ದ ಸ್ವಾಮಿಯ ಫೋಟೋವನ್ನು ಗೋಡೆ ಕಡೆ ತಿರುಗಿಸಿಟ್ಟೆ. ಎಂಟು ತಿಂಗಳು ದೀಪ ಹಚ್ಚಲಿಲ್ಲ.

ಆಮೇಲೆ ಒಂದು ಏಪ್ರಿಲ್ ರಾತ್ರಿ. ಕರೆಂಟ್ ಇರಲಿಲ್ಲ, ಸೆಕೆ. ಇವರಿಗೆ ಡಾಕ್ಟರು ಹೇಳಿದ್ದು ದಿನಕ್ಕೆ ಒಂದು ಲೀಟರ್ ನೀರು. ಅದರಲ್ಲೇ ಟೀ, ಸಾರು, ಮಜ್ಜಿಗೆ ಎಲ್ಲಾ. ಅವತ್ತಿನ ಲೆಕ್ಕ ಸಂಜೆಗೇ ಮುಗಿದಿತ್ತು. ರಾತ್ರಿ ಎದ್ದು ಕೂತು, "ಒಂದು ಗುಟುಕು ಕೊಡೇ" ಅಂದರು. ನಾನು ಕೊಡಲಿಲ್ಲ. ನಮ್ಮ ಸೀಮೆಯಲ್ಲಿ ಹಗೆಯವನು ಬಾಗಿಲಿಗೆ ಬಂದರೂ ಮೊದಲು ಬೆಲ್ಲ, ನೀರು ಕೊಡುತ್ತಾರೆ. ನಾನು ಕಟ್ಟಿಕೊಂಡ ಗಂಡನಿಗೆ ಒಂದು ಗುಟುಕು ನೀರು ಇಲ್ಲ ಅಂದೆ. ಅಡುಗೆಮನೆಗೆ ಹೋಗಿ ಕತ್ತಲಲ್ಲಿ ಕೂತು ಅತ್ತೆ. ಅಳುತ್ತಾ ನೋಡಿದರೆ ನನ್ನ ಎರಡೂ ಕೈ ಜೋಡಿಸಿಕೊಂಡೇ ಇದ್ದವು. ಯಾವಾಗ ಜೋಡಿಸಿದೆನೋ ಗೊತ್ತಿಲ್ಲ. ವಾಸಿ ಮಾಡು ಅಂತ ಕೇಳಲಿಲ್ಲ. ಬೆಳಗಾಗುವ ತನಕ ಇಲ್ಲೇ ಇರಪ್ಪ ಅಂದೆ, ಅಷ್ಟೇ.

ಬೆಳಿಗ್ಗೆ ಎದ್ದು ಫೋಟೋ ಈಚೆಗೆ ತಿರುಗಿಸಿದೆ. ದೀಪ ಹಚ್ಚಿದೆ. ಅವತ್ತಿನಿಂದ ಬಿಟ್ಟಿಲ್ಲ.

ಈಗ ನೆಂಟರು, "ನಿನ್ನ ಭಕ್ತಿ ಗಟ್ಟಿಯಾಯ್ತು ಕಣವ್ವ" ಅನ್ನುತ್ತಾರೆ. ನನಗೆ ಅನುಮಾನ. ನಂಬಿಕೆ ಬೆಳೆಯಿತಾ, ಇಲ್ಲ ಸುಮ್ನೆ ಒಗ್ಗಿಹೋದೆನಾ? ಎತ್ತು ನೊಗಕ್ಕೆ ಒಗ್ಗಿದ ಹಾಗೆ? ಇಂಥದ್ದನ್ನು ದಾಟಿ ಬಂದವರು ಇದ್ದರೆ ದಯವಿಟ್ಟು ಬರೆಯಿರಿ.

ಕೋಟೆ ದಾರಿ (ಚಿತ್ರದುರ್ಗ)

ತಂಗಿ, ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ನಾನು ನಿವೃತ್ತ ಮೇಷ್ಟ್ರು. ನನ್ನ ಹೆಂಡತಿಗೆ ಪಾರ್ಶ್ವವಾಯು ಹೊಡೆದು ಆರು ವರ್ಷ ಹಾಸಿಗೆ ಹಿಡಿದಿದ್ದಳು. ಬೆಳಿಗ್ಗೆ ಅವಳ ಮೈ ಒರೆಸಿ, ಗಂಜಿ ಕುಡಿಸಿ, ಮಗಳು ಬಂದ ಮೇಲೆ ಕೋಟೆ ಹತ್ತುತ್ತಿದ್ದೆ. ಮೇಲೆ ಏಕನಾಥೇಶ್ವರಿ ಗುಡಿಯ ಮುಂದೆ ಸ್ವಲ್ಪ ಹೊತ್ತು ಕೂರುವುದು. ಮೊದಮೊದಲು ದೇವಿ ಹತ್ತಿರ ಜಗಳ ಮಾಡಲಿಕ್ಕೇ ಹೋಗುತ್ತಿದ್ದೆ. ನಿಮ್ಮ ಹಾಗೆ ಫೋಟೋ ತಿರುಗಿಸುವ ಧೈರ್ಯ ಇರಲಿಲ್ಲ. ಮನಸ್ಸಿನಲ್ಲೇ ಬೈಯುತ್ತಿದ್ದೆ.

ನೀವು ಕೇಳಿದ್ದನ್ನು ನಾನೂ ಕೇಳಿಕೊಂಡಿದ್ದೇನೆ. ನನಗೆ ಹೊಳೆದದ್ದು ಇಷ್ಟು. ಒಗ್ಗಿಹೋಗುವುದು ಅಂದರೆ ಮನಸ್ಸು ಜಡ್ಡುಗಟ್ಟುವುದು. ರೊಟ್ಟಿ ತಟ್ಟುವವರ ಬೆರಳಿಗೆ ಹೆಂಚಿನ ಬಿಸಿ ತಾಗುವುದಿಲ್ಲ, ಅಲ್ವಾ? ಹಾಗೆ. ನಿಮ್ಮ ಮನಸ್ಸು ಜಡ್ಡುಗಟ್ಟಿದ್ದರೆ ಒಂದು ಗುಟುಕು ನೀರಿಗೆ ಕತ್ತಲಲ್ಲಿ ಕೂತು ಅಳುತ್ತಿರಲಿಲ್ಲ. ಸುಮ್ಮನೆ ಮಗ್ಗುಲು ಬದಲಿಸಿ ಮಲಗುತ್ತಿದ್ದಿರಿ. ನಿಮಗೆ ಇನ್ನೂ ನೋಯುತ್ತಿದೆ, ನೋಯುತ್ತಲೇ ದೀಪ ಹಚ್ಚುತ್ತಿದ್ದೀರಿ. ಇದು ನೊಗದ ಎತ್ತಿನ ಲಕ್ಷಣ ಅಲ್ಲ.

ಎಂಟು ತಿಂಗಳ ಸಿಟ್ಟಿನ ಬಗ್ಗೆಯೂ ಒಂದು ಮಾತು. ಇಲ್ಲದವನ ಮೇಲೆ ಯಾರೂ ಅಷ್ಟು ದಿನ ಮುನಿಸಿಕೊಳ್ಳುವುದಿಲ್ಲ.

ಸಂಜೆ ದೀಪ (ಜಗಳೂರು)

ಅಕ್ಕ, ಧೈರ್ಯ ತಗೊಳ್ಳಿ. ಇದೆಲ್ಲ ಹಿಂದಿನ ಜನ್ಮದ ಕರ್ಮ. ಅನುಭವಿಸಿ ತೀರಿಸಲೇಬೇಕು. ತೀರಿದ ಮೇಲೆ ಒಳ್ಳೆಯದೇ ಆಗುತ್ತದೆ. ದೇವರು ತಡೆಯುವ ಶಕ್ತಿ ಇರುವವರಿಗೇ ಕಷ್ಟ ಕೊಡುತ್ತಾನೆ.

ಹಿರಿಯೂರು ಹುಡುಗ

ಮೇಲಿನವರು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಾರೆ. ಆದರೆ ನನಗೆ ಈ ಮಾತು ಒಪ್ಪಲಿಕ್ಕೆ ಆಗುವುದಿಲ್ಲ. ನಮ್ಮ ಅಪ್ಪನಿಗೆ ಕ್ಯಾನ್ಸರ್ ಬಂದಾಗ ನೋಡಲು ಬಂದವರೆಲ್ಲ ಕರ್ಮ ಅಂದರು. ಅಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ರೋಗದ ನೋವು ಒಂದು, ನಾನೇನೋ ತಪ್ಪು ಮಾಡಿದ್ದೆ ಅನ್ನುವ ನೋವು ಇನ್ನೊಂದು. ಎರಡನೆಯದನ್ನು ಕೊಟ್ಟಿದ್ದು ದೇವರಲ್ಲ, ನೆಂಟರು.

ನಾನು ದೇವರನ್ನು ನಂಬುವವನಲ್ಲ. ಸುಳ್ಳು ಹೇಳಲ್ಲ. ನಮ್ಮ ಊರಿನ ಒಂದು ವಿಷಯ ಹೇಳುತ್ತೇನೆ. ಮಾರಿಕಣಿವೆ ಡ್ಯಾಮ್ ಕಟ್ಟಲು ಶುರು ಮಾಡಿದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ. ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ನಮ್ಮ ಅಜ್ಜ ಪ್ರತಿ ಮಳೆಗಾಲ ಹೋಗಿ ಕಣಿವೆ ಮಾರಮ್ಮನಿಗೆ ಕಾಯಿ ಒಡೆದು, ನೀರಿನ ಮಟ್ಟ ನೋಡಿಕೊಂಡು ಬರುತ್ತಿದ್ದರು. ಕೋಡಿ ಬೀಳುವುದನ್ನು ನೋಡದೇ ಹೋದರು. 2022ರಲ್ಲಿ ಎಲ್ಲರೂ ಮಾರಮ್ಮನ ಕೃಪೆ ಅಂದರು. ಹಾಗಾದರೆ ಅಜ್ಜನ ಭಕ್ತಿ ಕಡಿಮೆ ಇತ್ತಾ?

ಅಕ್ಕ, ನಾಲ್ಕು ವರ್ಷ ದುಡಿದದ್ದು ನೀವು. ರೊಟ್ಟಿ ತಟ್ಟಿದ್ದು ನೀವು. ಹೆಸರು ಮಾತ್ರ ದೇವರಿಗೆ ಯಾಕೆ?

ರೊಟ್ಟಿ ಮನೆ

ಮೇಷ್ಟ್ರೇ, ನಿಮ್ಮ ಕೊನೆಯ ಸಾಲನ್ನು ಇವರಿಗೂ ಓದಿ ಹೇಳಿದೆ. ಕೇಳಿ ನಕ್ಕರು. ಅವರು ನಗುವುದು ಈಚೆಗೆ ಕಡಿಮೆ.

ತಮ್ಮಾ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತೆ. ಆ ಎಂಟು ತಿಂಗಳು ನಾನೂ ಹಾಗೇ ಇದ್ದೆ. ನಿಮ್ಮ ಅಜ್ಜನ ವಿಷಯ ಓದಿ ನನಗೆ ಬೇರೆ ಥರ ಅನ್ನಿಸಿತು. ಕೋಡಿ ಬೀಳಲಿಲ್ಲ ಅಂತ ಅವರು ಹೋಗುವುದನ್ನು ಬಿಟ್ಟರಾ? ಇಲ್ಲ ಅಲ್ವಾ? ಅವರಿಗೆ ಅಲ್ಲಿ ಇನ್ನೇನೋ ಸಿಗುತ್ತಿತ್ತು. ಏನು ಅಂತ ನಿಮಗೆ ಹೇಳಿದ್ದರಾ?

ಹೆಸರು ದೇವರಿಗೆ ಯಾಕೆ ಅಂದಿರಿ. ಹಟ್ಟಿ ತಿಪ್ಪೇಶನ ಮಾತು ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ: "ಮಾಡಿದಷ್ಟು ನೀಡು ಭಿಕ್ಷೆ". ಸ್ವಾಮಿ ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದವರು. ಯಾರು ಎಷ್ಟು ಮಣ್ಣು ಹೊತ್ತರೋ ಅವರಿಗೆ ಅಷ್ಟೇ ಕೂಲಿ ಸಿಗುತ್ತಿತ್ತು ಅಂತ ಹಿರಿಯರು ಹೇಳುತ್ತಾರೆ. ಅಂದರೆ ನಮ್ಮ ದೇವರೇ ಪುಕ್ಕಟೆ ಕೊಡುವವನಲ್ಲ. ನಾನು ಇದನ್ನು ಮರೆತು ಅವನ ಹತ್ತಿರ ವ್ಯಾಪಾರಕ್ಕೆ ಇಳಿದಿದ್ದೆ. ಕೊಬ್ಬರಿ ಸುಡುತ್ತೇನೆ, ಕಿಡ್ನಿ ಕೊಡು ಅಂತ. ವ್ಯಾಪಾರ ಮುರಿದುಬಿತ್ತು. ಈಗ ವ್ಯಾಪಾರ ಇಲ್ಲ. ಮಣ್ಣು ಹೊರುವಾಗ ಜೊತೆಗೆ ಯಾರೋ ಬುಟ್ಟಿಗೆ ಕೈ ಹಚ್ಚಿದ ಹಾಗೆ ಇರುತ್ತೆ. ಅದು ಭ್ರಮೆ ಇರಬಹುದು. ಬುಟ್ಟಿ ಹಗುರ ಆಗಿದ್ದು ಮಾತ್ರ ಭ್ರಮೆ ಅಲ್ಲ.

ಸಂಜೆ ದೀಪ ಅವರೇ, ನಿಮ್ಮ ಮೇಲೆ ಬೇಜಾರಿಲ್ಲ. ಆದರೆ ಈ ಮಾತನ್ನು ಕಾಯಿಲೆಯವರ ಮುಂದೆ ಆಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ನಮ್ಮ ಯಜಮಾನರು ಒಂದು ಇರುವೆ ಸಾಲನ್ನೂ ದಾಟಿ ನಡೆಯುವವರು.

ನರ್ಸಕ್ಕ (ದಾವಣಗೆರೆ)

ನಾನು ಡಯಾಲಿಸಿಸ್ ವಾರ್ಡಿನಲ್ಲೇ ಕೆಲಸ ಮಾಡುವವಳು. ಯಾವ ಆಸ್ಪತ್ರೆ ಅಂತ ಬೇಡ. ಭಕ್ತಿಯ ಬಗ್ಗೆ ನನಗಿಂತ ತಿಳಿದವರು ಇಲ್ಲಿದ್ದೀರಿ. ನಾನು ದಿನಾ ನೋಡುವುದನ್ನು ಹೇಳುತ್ತೇನೆ.

ಹರಕೆ ಹೊರಿ, ಪೂಜೆ ಮಾಡಿ, ಯಾರೂ ಬೇಡ ಅನ್ನಲ್ಲ. ಆದರೆ ಡಯಾಲಿಸಿಸ್ ಬಿಡಬೇಡಿ. ಒಬ್ಬರು ಯಾರೋ ಹೇಳಿದರು ಅಂತ ನಾಟಿ ಔಷಧಿ ಶುರು ಮಾಡಿ ಎರಡು ವಾರ ಬರಲಿಲ್ಲ. ಬಂದದ್ದು ಉಸಿರು ಕಟ್ಟಿಕೊಂಡು, ರಾತ್ರಿ ಎರಡು ಗಂಟೆಗೆ. ಕಿಡ್ನಿ ಕೆಲಸ ಮಾಡದಿದ್ದರೆ ಕುಡಿದ ನೀರು ಮೈಯಲ್ಲೇ ಉಳಿಯುತ್ತದೆ. ಶ್ವಾಸಕೋಶಕ್ಕೂ ಇಳಿಯುತ್ತದೆ. ಅವರು ಬದುಕಿದರು, ಎಲ್ಲರಿಗೂ ಆ ಅದೃಷ್ಟ ಇರಲ್ಲ. ಅಕ್ಕ, ಅವತ್ತು ನೀವು ನೀರು ಕೊಡದೇ ಇದ್ದದ್ದು ಕ್ರೂರತನ ಅಲ್ಲ. ಇದನ್ನು ಬಾಯಿಬಿಟ್ಟು ಹೇಳಲಿಕ್ಕೇ ನಾನು ಬರೆಯುತ್ತಿರುವುದು.

ಪ್ರಸಾದದ ವಿಷಯವೂ ಇದೆ. ಬಾಳೆಹಣ್ಣು, ಎಳನೀರು ಇವರಿಗೆ ಆಗಲ್ಲ. ಪೊಟ್ಯಾಸಿಯಂ ಜಾಸ್ತಿಯಾದರೆ ಹೃದಯವೇ ನಿಂತುಬಿಡಬಹುದು. ದೇವರ ಪ್ರಸಾದ ತಾನೇ, ಏನೂ ಆಗಲ್ಲ ಅಂತ ತಿನ್ನಿಸಿಬಿಡುತ್ತಾರೆ. ಕಣ್ಣಿಗೆ ಒತ್ತಿಕೊಂಡು ಪಕ್ಕದವರಿಗೆ ಕೊಡಿ. ತೀರ್ಥ ಒಂದು ಹನಿ ಸಾಕು.

ಇನ್ನೊಂದು. ಬಿಪಿಎಲ್ ಕಾರ್ಡ್ ಇರುವವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಉಚಿತ. ಗೊತ್ತಿಲ್ಲದೆ ಹೊಲ ಮಾರಿದವರನ್ನು ನೋಡಿದ್ದೇನೆ. ಕಿಡ್ನಿ ಕಸಿಗೆ ಹೆಸರು ನೋಂದಾಯಿಸಲು ರಾಜ್ಯದಲ್ಲಿ ಜೀವಸಾರ್ಥಕತೆ ಅಂತ ಸಂಸ್ಥೆ ಇದೆ. ನಿಮ್ಮ ಡಾಕ್ಟರ ಮೂಲಕ ಕೇಳಿ ನೋಡಿ.

ಅಂದಹಾಗೆ ಅಕ್ಕ, ಫಿಸ್ಟುಲಾ ದಿನಾ ಮುಟ್ಟಿ ನೋಡುತ್ತೀರಾ?

ರೊಟ್ಟಿ ಮನೆ

ನೋಡುತ್ತೇನೆ ತಂಗಿ. ಅದನ್ನು ಹೇಳಬೇಕು ಅಂತಲೇ ಇದ್ದೆ.

ಗೊತ್ತಿಲ್ಲದವರಿಗೆ: ಡಯಾಲಿಸಿಸ್‌ಗೆ ಸೂಜಿ ಹಾಕಲು ಕೈಯಲ್ಲಿ ಎರಡು ರಕ್ತನಾಳ ಸೇರಿಸಿ ಹೊಲಿದಿರುತ್ತಾರೆ. ಅದೇ ಫಿಸ್ಟುಲಾ. ಇವರಿಗೆ ಎಡಗೈಯಲ್ಲಿದೆ. ಮುಟ್ಟಿದರೆ ಒಳಗೆ ಜುಮ್ ಅನ್ನುತ್ತಾ ಇರಬೇಕು. ನಿಂತರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಆ ಕೈಯಲ್ಲಿ ಭಾರ ಎತ್ತಬಾರದು, ಬಿಪಿ ನೋಡಿಸಬಾರದು, ಅದರ ಮೇಲೆ ಮಲಗಬಾರದು.

ನಾನು ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತೇನೆ. ಹಿಟ್ಟು ನಾದುವುದಕ್ಕೂ ಮೊದಲು ಇವರ ಕೈ ಮೇಲೆ ಬೆರಳಿಡುತ್ತೇನೆ. ಅವರು ನಿದ್ದೆಯಲ್ಲೇ ಇರುತ್ತಾರೆ. ಜುಮ್ ಅಂದರೆ ಶಿವಾ ಅಂತೀನಿ. ಆಮೇಲೆ ದೀಪ. ಮೊದಲೆಲ್ಲ ಪೂಜೆ ಮಾಡುವಾಗ ಮನಸ್ಸು ಎಲ್ಲೆಲ್ಲೋ ಓಡುತ್ತಿತ್ತು. ಸಾಲ, ಬಡ್ಡಿ, ಬೋರು. ಆ ಬೆರಳಿಟ್ಟ ಹೊತ್ತಿನಲ್ಲಿ ಮಾತ್ರ ಎಲ್ಲೂ ಹೋಗಲ್ಲ. ಅಷ್ಟು ಏಕಚಿತ್ತ ನನಗೆ ಯಾವ ಗುಡಿಯಲ್ಲೂ ಸಿಕ್ಕಿರಲಿಲ್ಲ.

ಕಸಿಗೆ ನಾನೇ ಕಿಡ್ನಿ ಕೊಡೋಣ ಅಂತಿದ್ದೆ. ನನಗೂ ಶುಗರ್ ಇದೆ ಅಂತ ಅವತ್ತು ಗೊತ್ತಾಯಿತು, ಆಗಲಿಲ್ಲ. ಹೆಸರು ಬರೆಸಿದ್ದೇವೆ. ಕಾಯುತ್ತಿದ್ದೇವೆ.

ಹೊಳೆ ದಂಡೆ (ಹರಿಹರ)

ನನ್ನ ಮಗನಿಗೆ ಈಗ ಹನ್ನೊಂದು. ಹುಟ್ಟಿದಾಗ ಉಸಿರು ತಡವಾಗಿ, ಕೈಕಾಲು ಸ್ವಾಧೀನ ಇಲ್ಲ, ಮಾತಿಲ್ಲ.

ಹರಿಹರೇಶ್ವರನಿಗೆ ಹೋಗುತ್ತೇನೆ. ಸೆಪ್ಟೆಂಬರ್ 8ಕ್ಕೆ ಆರೋಗ್ಯ ಮಾತೆ ಹಬ್ಬಕ್ಕೂ ಹೋಗುತ್ತೇನೆ. ನಮ್ಮೂರಲ್ಲಿ ಇದನ್ನು ಯಾರೂ ವಿಚಿತ್ರ ಅಂದುಕೊಳ್ಳಲ್ಲ. ಒಂದೇ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ ಇರುವ ಊರು ನಮ್ಮದು. ಚರ್ಚಿನಲ್ಲೂ ಎಲ್ಲ ಜಾತಿಯವರು ಮೇಣದಬತ್ತಿ ಹಿಡಿದು ನಿಂತಿರುತ್ತಾರೆ.

ಮಗ ಎದ್ದು ನಡೆಯಲಿಲ್ಲ. ನಡೆಯುವುದೂ ಇಲ್ಲ, ನನಗೆ ಗೊತ್ತು. ಮೊದಲ ವರ್ಷ ಅಳುತ್ತಾ ಹೋಗಿ ಅಳುತ್ತಾ ಬಂದೆ. ಎರಡನೇ ವರ್ಷ ಅಲ್ಲಿ ಇನ್ನೊಬ್ಬ ತಾಯಿ ಸಿಕ್ಕಳು, ಇಂಥದ್ದೇ ಮಗು ಸೊಂಟದ ಮೇಲೆ. ಮಗುವಿಗೆ ಊಟ ಗಂಟಲಿಗೆ ಸಿಕ್ಕದ ಹಾಗೆ ಹೇಗೆ ತಿನ್ನಿಸುವುದು ಅಂತ ಆಕೆ ನನಗೆ ತೋರಿಸಿಕೊಟ್ಟಳು. ಯಾವ ಡಾಕ್ಟರೂ ಅಷ್ಟು ಬಿಡಿಸಿ ಹೇಳಿರಲಿಲ್ಲ. ಆಕೆಯನ್ನು ನನ್ನ ಹತ್ತಿರ ಕಳಿಸಿದ್ದು ಯಾರು ಅಂತ ನನಗೆ ಅನುಮಾನವೇ ಇಲ್ಲ. ಹಿರಿಯೂರಿನ ತಮ್ಮ ಒಪ್ಪದಿದ್ದರೂ ಪರವಾಗಿಲ್ಲ.

ಈಗ ನಾನು ಹೊಸಬರಿಗೆ ತೋರಿಸಿಕೊಡುತ್ತೇನೆ.

ಸಂಜೆ ದೀಪ (ಜಗಳೂರು)

ಅಕ್ಕ, ತಪ್ಪಾಯಿತು. ನನಗೆ ಯಾರೋ ಹೇಳಿದ್ದನ್ನು ನಾನು ನಿಮಗೆ ಹೇಳಿಬಿಟ್ಟೆ. ನಮ್ಮ ತಂಗಿ ತೀರಿಕೊಂಡಾಗ ನಮ್ಮವ್ವನಿಗೆ ಎಲ್ಲರೂ ಹೀಗೇ ಹೇಳಿದ್ದರು. ಅವ್ವ ಅದನ್ನು ನಂಬಿಕೊಂಡೇ ಹೋದಳು. ತಾನೇ ಏನೋ ಪಾಪ ಮಾಡಿದ್ದೆ ಅಂತ. ಇವತ್ತು ಕೂತು ಯೋಚನೆ ಮಾಡಿದೆ. ಆ ಮಾತು ಅವ್ವನಿಗೆ ಸಮಾಧಾನ ಕೊಟ್ಟಿರಲೇ ಇಲ್ಲ.

ಕೋಟೆ ದಾರಿ (ಚಿತ್ರದುರ್ಗ)

ಸಂಜೆ ದೀಪ ಅವರೇ, ನೀವು ತಿರುಗಿ ಬಂದು ಬರೆದದ್ದು ದೊಡ್ಡದು.

ನನ್ನ ಹೆಂಡತಿ ಹೋಗುವ ಮುಂಚೆ ಮಾತು ಪೂರ್ತಿ ನಿಂತಿತ್ತು. ಆ ಆರು ವರ್ಷದಲ್ಲಿ ನಾನು ಕಲಿತದ್ದು ತುಂಬಾ ಸಣ್ಣದು. ಹಾಸಿಗೆ ಹುಣ್ಣು ಆಗದ ಹಾಗೆ ಎರಡೆರಡು ಗಂಟೆಗೆ ಮಗ್ಗುಲು ತಿರುಗಿಸುವುದು. ರಾತ್ರಿ ಅಲಾರಂ ಇಟ್ಟು ಏಳುತ್ತಿದ್ದೆ. ಮೂವತ್ತು ವರ್ಷ ಪಾಠ ಹೇಳುವಾಗ ಎಷ್ಟೋ ಧರ್ಮದ ಮಾತು ಆಡಿದ್ದೆ. ಅವೆಲ್ಲ ಬಾಯಿಂದ ಬಂದವು. ಇದು ಕೈಗೆ ಬಂತು.

ಕಾಲ್ನಡಿಗೆ (ದಾವಣಗೆರೆ)

ನಾನು ಹದಿನಾಲ್ಕು ವರ್ಷದಿಂದ ಕೊಟ್ಟೂರಿಗೆ ನಡೆಯುವವನು. ಗುರುಬಸವೇಶ್ವರನ ತೇರಿಗೆ ನಮ್ಮ ದಾವಣಗೆರೆಯಿಂದ ಸಾವಿರಾರು ಜನ ನಡೆದೇ ಹೋಗುತ್ತಾರೆ, ಎಲ್ಲರಿಗೂ ಗೊತ್ತಿರುವುದೇ.

ಅಂಗಡಿ ಮುಳುಗಿ, ಪಾಲುದಾರ ಮೋಸ ಮಾಡಿ, ನೇಣಿಗೆ ಹಗ್ಗ ನೋಡಿದ ವರ್ಷ ಮೊದಲ ಸಲ ನಡೆದೆ. ಅರ್ಧ ದಾರಿಗೆ ಅಂಗಾಲಲ್ಲಿ ಬೊಬ್ಬೆ ಎದ್ದವು. ಒಂದು ಊರಿನಲ್ಲಿ ಮುದುಕರೊಬ್ಬರು ಬಿಸಿನೀರಲ್ಲಿ ನನ್ನ ಕಾಲಿಟ್ಟು, ಎಣ್ಣೆ ಹಚ್ಚಿದರು. ಬೇಡ ಯಜಮಾನರೇ ಅಂದೆ. ಕೇಳಲಿಲ್ಲ. ನನ್ನ ಹೆಸರು ಕೇಳಲಿಲ್ಲ, ಜಾತಿ ಕೇಳಲಿಲ್ಲ. ನಾನು ಬದುಕಿ ಉಳಿಯುವುದು ಬೇಕು ಅನ್ನುವವರು ಯಾರೂ ಇಲ್ಲ ಅಂದುಕೊಂಡಿದ್ದೆ. ಅಲ್ಲೊಬ್ಬರು ನನ್ನ ಬೊಬ್ಬೆಯ ಬಗ್ಗೆ ಚಿಂತೆ ಮಾಡುತ್ತಿದ್ದರು.

ಯಾರಾದರೂ ನನ್ನ ಆಗಿನ ಸ್ಥಿತಿಯಲ್ಲಿ ಇದನ್ನು ಓದುತ್ತಿದ್ದರೆ, ಒಬ್ಬರೇ ಇರಬೇಡಿ. ಮನೆಯವರಿಗೋ ಸ್ನೇಹಿತರಿಗೋ ಈಗಲೇ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಒತ್ತಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಅಕ್ಕ, ನಿಮ್ಮ ಯಜಮಾನರು ಕೊಟ್ಟೂರಿಗೆ ನಡೆದವರಾ?

ರೊಟ್ಟಿ ಮನೆ

ನಡೆದವರೇ ಅಣ್ಣ. ಕಾಯಿಲೆಗೆ ಮುಂಚೆ ಒಂಬತ್ತು ವರ್ಷ ತಪ್ಪಿಸಿರಲಿಲ್ಲ. ನಿಮ್ಮದನ್ನು ಓದಿ ಈ ಸಲದ್ದು ಬರೆಯಲೇಬೇಕು ಅನ್ನಿಸಿತು.

ಈ ಸಲದ ತೇರಿಗೆ ಮುಂಚೆ ನಡೆಯುವವರು ನಮ್ಮ ಮನೆ ಮುಂದಿನ ರಸ್ತೆಯಲ್ಲೇ ಹೋದರು. ಇವರು ಕಿಟಕಿ ಹತ್ತಿರ ಕೂತು ನೋಡುತ್ತಿದ್ದರು. ನನಗೆ ನೋಡಲಾಗದೆ ಒಳಗೆ ಹೋದೆ. ಬಂದು ನೋಡಿದರೆ ಮನುಷ್ಯ ಇಲ್ಲ. ಹೊರಗೆ ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಪಕ್ಕದ ಮನೆ ಹುಡುಗನಿಗೆ ಹೇಳಿ ಕ್ಯಾನ್ ನೀರು ತರಿಸಿದ್ದಾರೆ. ಬಲಗೈಯಲ್ಲಿ ಲೋಟ ತುಂಬಿ ತುಂಬಿ ನಡೆಯುವವರಿಗೆ ಕೊಡುತ್ತಿದ್ದಾರೆ. ಎಡಗೈ ತೊಡೆ ಮೇಲೆ.

ನನಗೆ ಎದೆ ಧಸಕ್ಕೆಂದಿತು. ಬಾಯಾರಿದ ಮನುಷ್ಯನ ಕೈಯಲ್ಲಿ ನೀರಿನ ಕ್ಯಾನು. ಕುಡಿದುಬಿಟ್ಟರೆ? ಹತ್ತಿರ ಹೋಗಿ ನಿಂತೆ. ಅವರು ನನ್ನ ಮುಖ ನೋಡಿ, "ಎಣಿಸ್ಕೋ ಬೇಕಾದ್ರೆ" ಅಂದರು. ನಾನು ಎಣಿಸಲಿಲ್ಲ. ಒಳಗಿಂದ ರೊಟ್ಟಿ ಬುಟ್ಟಿ, ಶೇಂಗಾ ಚಟ್ನಿಪುಡಿ ತಂದು ಪಕ್ಕದಲ್ಲಿ ಕೂತೆ. ಅವತ್ತು ಖಾನಾವಳಿಗೆ ರೊಟ್ಟಿ ಹೋಗಲಿಲ್ಲ. ರಾತ್ರಿ ಹನ್ನೊಂದರವರೆಗೆ ಕೂತಿದ್ದೆವು. ಮೂರು ಕ್ಯಾನ್ ಖಾಲಿಯಾದವು. ಮಾರನೇ ದಿನ ಡಯಾಲಿಸಿಸ್ ಇತ್ತು. ತೂಕ ನೋಡಿದರು. ಎಂದಿಗಿಂತ ಕಡಿಮೆಯೇ ಏರಿತ್ತು.

ಒಂದು ಮಾತೂ ಆಡಲಿಲ್ಲ ಅದರ ಬಗ್ಗೆ. ಬಸ್ಸಿನಲ್ಲಿ ವಾಪಸ್ ಬರುವಾಗ, "ಮುಂದಿನ ವರ್ಷ ಮಜ್ಜಿಗೆ ಮಾಡೋಣ" ಅಂದರು. ಮುಂದಿನ ವರ್ಷ ಅನ್ನುವ ಪದ ಅವರ ಬಾಯಲ್ಲಿ ನಾಲ್ಕು ವರ್ಷದಿಂದ ನಾನು ಕೇಳಿರಲಿಲ್ಲ.

ಹಿರಿಯೂರು ಹುಡುಗ

ಅಕ್ಕ, ನೀವು ಕೇಳಿದ್ದಿರಿ, ಅಜ್ಜನಿಗೆ ಅಲ್ಲಿ ಏನು ಸಿಗುತ್ತಿತ್ತು ಅಂತ. ಇವತ್ತು ಅಜ್ಜಿಗೆ ಫೋನ್ ಮಾಡಿ ಕೇಳಿದೆ. ಅಜ್ಜ ಅಲ್ಲಿಂದ ಬಂದ ದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದರಂತೆ. ಅಷ್ಟೇ ಗೊತ್ತು ಅಂದಳು.

ನಾನು ಈಗಲೂ ನಂಬುವವನಲ್ಲ. ಆದರೆ ಮುಂದಿನ ತೇರಿಗೆ ರಜ ಹಾಕಿ ಬರುತ್ತೇನೆ. ಕ್ಯಾನ್ ಎತ್ತುವುದು ನನಗೆ ಬಿಡಿ.

ಕಾಲ್ನಡಿಗೆ (ದಾವಣಗೆರೆ)

ಅಕ್ಕ, ಯಾವ ರಸ್ತೆ, ಯಾವ ಗೇಟು ಅಂತ ನನಗೆ ಮಾತ್ರ ತಿಳಿಸಿ. ನಮ್ಮ ತಂಡದಲ್ಲಿ ನಲವತ್ತು ಜನ ಇದ್ದೇವೆ. ಮಜ್ಜಿಗೆಗೆ ಮೊಸರು ನಮ್ಮದು.

ರೊಟ್ಟಿ ಮನೆ

ತಿಳಿಸುತ್ತೇನೆ ಅಣ್ಣ. ತಮ್ಮಾ, ಬಾ. ರೊಟ್ಟಿ ತಿಂದುಕೊಂಡು ಹೋಗುವಿಯಂತೆ.

ಇವತ್ತು ಗುರುವಾರ, ಡಯಾಲಿಸಿಸ್ ದಿನ. ಏಳು ಗಂಟೆಗೆ ಅಲ್ಲಿರಬೇಕು, ಅಷ್ಟರಲ್ಲಿ ನೂರು ರೊಟ್ಟಿ ಆಗಬೇಕು. ಬೆಳಿಗ್ಗೆ ಕೈ ಮುಟ್ಟಿ ನೋಡಿದೆ ನರ್ಸಕ್ಕ, ಜುಮ್ ಅಂತಿತ್ತು. ಮತ್ತೆ ಬರೆಯುತ್ತೇನೆ.